ಅಪ್‌ಡೇಟ್: ಲ್ಯಾವೆನಮ್‌ನ ಹಳೇ ಮನೆ, ಗೋಡೆ ತೇವದ ಕಥೆ

ಎರಡು ವಾರದ ಹಿಂದೆ ಇಲ್ಲಿ ಕೇಳಿದ್ದೆ: ಇಂಗ್ಲೆಂಡಿನ ಸಫಕ್‌ನ ಲ್ಯಾವೆನಮ್‌ನಲ್ಲಿ ಗ್ರೇಡ್ 2 ಲಿಸ್ಟೆಡ್ (ಅಂದರೆ ಕಾನೂನಿನ ರಕ್ಷಣೆ ಇರುವ ಪಾರಂಪರಿಕ) ಮನೆ ಇಷ್ಟವಾಗಿದೆ, ಅಡುಗೆಮನೆ ಗೋಡೆ ತೇವ, ತಗೊಳ್ಳಬಹುದಾ ಅಂತ.

ಲೆವೆಲ್ 3 ಸರ್ವೇ (ಕೊಳ್ಳುವ ಮುಂಚೆ ಮನೆಯ ವಿವರವಾದ ತಪಾಸಣೆ) ಮಾಡಿಸಿ ಅಂದವರಿಗೆ ದೊಡ್ಡ ನಮಸ್ಕಾರ. ಕೆಲಸಕ್ಕೆ ಬಂದಿದ್ದು ಅದೇ. ತೇವ ತಡೆಯಲು ಗೋಡೆಗೆ ಕೆಮಿಕಲ್ ಇಂಜೆಕ್ಷನ್ ಕೊಡಿಸಿ ಅನ್ನೋ ಸಲಹೆ ನಮಗೆ ಆಗಲಿಲ್ಲ. ಸರ್ವೇಯರ್ ಒಂದು ಮೂಲೆಯಲ್ಲಿ ಉಬ್ಬಿದ್ದ ಪ್ಲಾಸ್ಟರ್ ತಟ್ಟಿ ತೋರಿಸಿದರು, ಡಬ್ ಡಬ್ ಅಂತ ಟೊಳ್ಳು ಸದ್ದು. ಯಾರೋ ಸಿಮೆಂಟ್ ಬಳಿದಿದ್ದಾರೆ. ಮರದ ಚೌಕಟ್ಟಿನ ಹಳೇ ಗೋಡೆ ಉಸಿರಾಡಬೇಕು, ಸಿಮೆಂಟ್ ನೀರನ್ನು ಒಳಗೇ ಹಿಡಿದಿಡುತ್ತದೆ. ಅದನ್ನು ಕಿತ್ತು ಸುಣ್ಣದ ಗಾರೆ ಹಾಕಬೇಕಂತೆ. ನಮ್ಮಜ್ಜಿ ಮನೆಯದೂ ಗಾರೆ ಗೋಡೆಯೇ ಅಲ್ವಾ!

ನನಗೆ ಗೊತ್ತೇ ಇರದ ವಿಷಯ ಇನ್ನೊಂದು. ಲಿಸ್ಟೆಡ್ ಮನೆಯಲ್ಲಿ ಹಿಂದಿನ ಮಾಲೀಕರು ಕೌನ್ಸಿಲ್ (ಸ್ಥಳೀಯ ಆಡಳಿತ) ಒಪ್ಪಿಗೆ ಇಲ್ಲದೆ ಕಿಟಕಿ ಬದಲಿಸಿದ್ದರೂ, ಸರಿಪಡಿಸಿ ಅಂತ ಕೌನ್ಸಿಲ್ ಹೊಸ ಮಾಲೀಕರನ್ನೇ ಕೇಳಬಹುದು. ಇದಕ್ಕೆ ಕಾಲಮಿತಿಯೂ ಇಲ್ಲ. ಮೇಲಿನ ಕೋಣೆಯಲ್ಲಿ ಡಬಲ್ ಗ್ಲೇಜಿಂಗ್ (ಎರಡು ಪದರ ಗಾಜಿನ ಕಿಟಕಿ) ಇದೆ, ಒಪ್ಪಿಗೆಯ ಕಾಗದ ಮಾತ್ರ ಇಲ್ಲ. ನಮ್ಮ ಸಾಲಿಸಿಟರ್ (ವಕೀಲರು) ವಿಚಾರಿಸುತ್ತಿದ್ದಾರೆ.

ಗಾರೆ ಕೆಲಸದ ಖರ್ಚು ಕಳೆದು ಬೆಲೆ ಇಳಿಸಲು ಮಾರುವವರು ಒಪ್ಪಿದ್ದಾರೆ. ಕಿಟಕಿ ವಿಷಯ ಬಗೆಹರಿದರೆ ಸಹಿ ಹಾಕುತ್ತೇವೆ.