ಸಹಾಯ ಬೇಕು: ಚನ್ನಪಟ್ಟಣದ ಗೊಂಬೆ, ಸ್ವೀಡನ್ನಿನ ಕುದುರೆ, ಒಂದೇ ಫೋಟೋದಲ್ಲಿ

ಎಲ್ಲರಿಗೂ ನಮಸ್ಕಾರ. ರಜೆಗೆ ಸ್ವೀಡನ್ನಿನ ದಾಲಾರ್ನಾ ಕಡೆ ಬಂದಿದ್ದೇವೆ. ಅಕ್ಕನ ಮಗಳು ಕೊಟ್ಟು ಕಳಿಸಿದ ಚನ್ನಪಟ್ಟಣದ ಪುಟ್ಟ ಗೊಂಬೆ ಜೊತೆಗಿದೆ. ಹೋದಲ್ಲೆಲ್ಲ ಅದರ ಫೋಟೋ ತೆಗೆದು ಅವಳಿಗೆ ಕಳಿಸಬೇಕು.

ಸಿಲ್ಯಾನ್ ಸರೋವರದ ಹತ್ತಿರ ನೂಸ್ನೆಸ್ ಅಂತ ಒಂದು ಹಳ್ಳಿ. ಅಲ್ಲಿ ದಾಲಾ ಕುದುರೆ, ಅಂದರೆ ಈ ಕಡೆಯ ಬಣ್ಣದ ಮರದ ಕುದುರೆ ಗೊಂಬೆ, ಮಾಡುವುದನ್ನು ನೋಡಿದೆವು. ಪೈನ್ ಮರ, ಚಾಕು ಹಿಡಿದು ಕೈಯಲ್ಲೇ ಕೆತ್ತುತ್ತಾರೆ. ಬಣ್ಣದಲ್ಲಿ ಅದ್ದಿ ತೆಗೆದು, ಒಣಗಿದ ಮೇಲೆ ಹೂಬಳ್ಳಿ ಬರೆಯುತ್ತಾರೆ. ಒಂದೇ ಬ್ರಶ್‌ಗೆ ಎರಡು ಬಣ್ಣ ಹಿಡಿಸಿ ಒಂದೇ ಎಳೆತಕ್ಕೆ ಎಸಳು ಮೂಡಿಸುತ್ತಾರೆ. ನೋಡ್ತಾ ನಿಂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. 1939ರ ನ್ಯೂಯಾರ್ಕ್ ವಿಶ್ವ ಮೇಳದಿಂದ ಈ ಕುದುರೆಗೆ ಹೊರದೇಶದಲ್ಲೂ ಹೆಸರು ಬಂತು.

ಈಗ ಸಮಸ್ಯೆ. ಗೊಂಬೆ, ಕುದುರೆ ಎರಡಕ್ಕೂ ಹೊಳಪು ಜಾಸ್ತಿ. ಬಿಸಿಲಲ್ಲಿ ಗೊಂಬೆಯ ಮುಖದ ಮೇಲೇ ಬಿಳಿ ಚುಕ್ಕೆ ಬೀಳುತ್ತದೆ, ಕಣ್ಣು ಕಾಣುವುದಿಲ್ಲ. ನೆರಳಲ್ಲಿಟ್ಟರೆ ಕೆಂಪು ಮಂಕಾಗುತ್ತದೆ. ಇರುವುದು ಬರೀ ಮೊಬೈಲ್. ಏನು ಮಾಡಬಹುದು?

ಮುಂದೆ ಆವೆಸ್ತಾ ಅನ್ನುವ ಊರಿಗೆ ಹೋಗುತ್ತೇವೆ. ಅಲ್ಲಿನ ಕಾಂಕ್ರೀಟ್ ದಾಲಾ ಕುದುರೆ 13 ಮೀಟರ್ ಎತ್ತರ, ನಮ್ಮ ಗೊಂಬೆ ಬೆರಳುದ್ದ. ಎರಡೂ ಸ್ಪಷ್ಟವಾಗಿ ಬರಬೇಕಾದರೆ ಎಷ್ಟು ದೂರ ನಿಲ್ಲಬೇಕು, ಫೋಕಸ್ ಎಲ್ಲಿ ಇಡಬೇಕು? ಗೊತ್ತಿರುವವರು ದಯವಿಟ್ಟು ತಿಳಿಸಿ. ಮಗು ದಿನಾ ಕಾಯುತ್ತಿರುತ್ತಾಳೆ.