ಲಿಬ್ರೆ ಆಫೀಸ್ ಬಗ್ಗು, ನಿಮ್ಮ ಪ್ರಶ್ನೆ: ಶನಿವಾರದ ಪ್ರಶ್ನೋತ್ತರ

ಅಡ್ಮಿನ್: ಹಗಲು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ರಾತ್ರಿ ಲಿಬ್ರೆ ಆಫೀಸ್ ಅನ್ನೋ ಉಚಿತ ಆಫೀಸ್ ಸಾಫ್ಟ್‌ವೇರ್‌ಗೆ ಬರೋ ಬಗ್ ರಿಪೋರ್ಟ್‌ಗಳನ್ನ, ಅಂದ್ರೆ ದೋಷದ ದೂರುಗಳನ್ನ, ಪುಕ್ಕಟೆ ವಿಂಗಡಿಸೋ ಮೇಡಂ 9 ಗಂಟೆ ತನಕ ಇರ್ತಾರೆ. ಕೇಳಿ.

ಡಿಟಿಪಿ ತುಮಕೂರು: ಮೇಡಂ ಹಳೇ ನುಡಿ ಫೈಲ್ ತೆಗೆದ್ರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಬರ್ತಿದೆ. ಬಗ್ ತಾನೆ?

ಮೇಡಂ: ಅಲ್ಲ. ಅದು ಯೂನಿಕೋಡ್ (ಎಲ್ಲಾ ಕಂಪ್ಯೂಟರ್‌ಗೂ ಒಂದೇ ಆಗಿರೋ ಅಕ್ಷರ ಸಂಕೇತ) ಅಲ್ಲದ ಹಳೇ ಫಾಂಟು, ಆ ಫಾಂಟ್ ಇಲ್ದಿದ್ರೆ ಹಂಗೇ ಕಾಣೋದು. ಯೂನಿಕೋಡ್‌ಗೆ ಪರಿವರ್ತನೆ ಮಾಡ್ಕೊಳ್ಳಿ, ಆಮೇಲೆ ಒತ್ತಕ್ಷರಗಳ ಮೇಲೆ ಒಂದ್ಸಲ ಕಣ್ಣಾಡಿಸಿ.

ಮೇಷ್ಟ್ರು ಸಾಗರ: ನಮಸ್ಕಾರ ಮೇಡಂ. ಶಾಲೆ ವಾರ್ಷಿಕ ಸಂಚಿಕೆ ಮಾಡ್ತಿದೀವಿ, ನನ್ನ ಲ್ಯಾಪ್‌ಟಾಪಲ್ಲಿ ರ‍್ಯಾಂಕ್ ಅಂತ ಸರಿಯಾಗೇ ಇದೆ, ಅದೇ ಫೈಲು ಪ್ರೆಸ್‌ನವರ ಹತ್ರ ರ್ಯಾಂಕ್ ಅಂತ ಅರ್ಕಾವತ್ತು ಹಾಕ್ಕೊಂಡು ಕೂತಿದೆ. ಯಾರದ್ದು ತಪ್ಪು?

ಮೇಡಂ: ಆಹಾ, ಇಂಥ ಪ್ರಶ್ನೆ ಕೇಳಿ ಮೇಷ್ಟ್ರೆ. ರ ಆದ್ಮೇಲೆ ಬರೀ ವಿರಾಮ (ಅರ್ಧಾಕ್ಷರದ ್ ಗುರುತು), ಯ ಬಂದ್ರೆ ಕಂಪ್ಯೂಟರ್ ಅರ್ಕಾವತ್ತೇ ಹಾಕೋದು, ಸೂರ್ಯ ಬರೆಯೋಕೆ ಅದೇ ಬೇಕು. ರ‍್ಯಾಂಕ್‌ಗೆ ಹಂಗಾಗ್ಬಾರ್ದು ಅಂದ್ರೆ ರ-ಗೂ ವಿರಾಮಕ್ಕೂ ಮಧ್ಯೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರ್ಬೇಕು, ಝೀರೋ ವಿಡ್ತ್ ಜಾಯ್ನರ್. ಪ್ರೆಸ್‌ಗೆ ಹೋಗೋ ದಾರೀಲಿ ಅದು ಉದುರಿರಬಹುದು, ಯಾವ್ದೋ ಪರಿವರ್ತಕಕ್ಕೆ ಹಾಕಿದ್ರೆ ಕಾಣದ ಅಕ್ಷರ ಅಂತ ಗುಡಿಸಿ ಹಾಕಿರತ್ತೆ. ಇಲ್ಲಾ ಫಾಂಟ್ ಅಲ್ಲಿ ಇಲ್ಲ, ಅದರ ಜಾಗಕ್ಕೆ ಬೇರೇದು ಬಂದು ಕೂತಿದೆ. ಇಲ್ಲಾ ಅವರ ಲಿಬ್ರೆ ಆಫೀಸ್ 2017ರ 5.3ಕ್ಕಿಂತ ಹಳೇದು, ಎಲ್ಲಾ ಸಿಸ್ಟಮ್‌ಲೂ ಅಕ್ಷರ ಜೋಡ್ಸೋ ಕೆಲಸ ಹಾರ್ಫ್‌ಬಝ್ ಅನ್ನೋ ತಂತ್ರಾಂಶಕ್ಕೆ ವಹಿಸಿದ್ದು ಆವಾಗ್ಲೇ. ಮೊದಲು ಸುಲಭದ್ದು ನೋಡೋಣ. ಪ್ರೆಸ್‌ನಲ್ಲಿ ಆ ಪದದ ಮೇಲೆ ಕರ್ಸರ್ ಇಟ್ಟು ಮೇಲ್ಗಡೆ ಫಾಂಟ್ ಹೆಸರು ನೋಡೋಕೆ ಹೇಳಿ, ಹೆಸರು ಓರೆಯಾಗಿದ್ರೆ ಆ ಫಾಂಟ್ ಅಲ್ಲಿಲ್ಲ ಅಂತ. ಹೆಲ್ಪ್‌ನಲ್ಲಿ ಅಬೌಟ್ ತೆಗೆದ್ರೆ ವರ್ಷನ್ ಕಾಪಿ ಮಾಡೋ ಬಟನ್ ಇದೆ, ಇಬ್ಬರದ್ದೂ ಕಳಿಸಿ.

ಪುಟ್ಟಿ ಅಮ್ಮ: ಓಪನ್ ಮಾಡಿದ ತಕ್ಷಣ ಕ್ಲೋಸ್ ಆಗತ್ತೆ ಮೇಡಂ.

ಮೇಡಂ: ಹೆಲ್ಪ್‌ನಲ್ಲಿ ಸೇಫ್ ಮೋಡ್ ಇದೆ. ಅದರಲ್ಲಿ ಸರಿಯಿದ್ರೆ ನಿಮ್ಮ ಪ್ರೊಫೈಲ್, ಅಂದ್ರೆ ನಿಮ್ಮ ಸೆಟ್ಟಿಂಗ್‌ಗಳಿರೋ ಫೋಲ್ಡರ್, ಕೆಟ್ಟಿದೆ.

ಪುಟ್ಟಿ ಅಮ್ಮ: ಓಪನ್ನೇ ಆಗಲ್ವಲ್ಲ, ಹೆಲ್ಪ್ ಎಲ್ಲಿಂದ ತರ್ಲಿ?

ಹಾಸನ್ ಹುಡ್ಗ: ಫಾರ್ವರ್ಡ್ ಬಂದಿದೆ ನೋಡಿ, ಉಬುಂಟುಲಿ ಯಾವ ಪ್ರಾಬ್ಲಮ್ ಇದ್ರೂ ರೂಟ್ ಫೋಲ್ಡರಿಂದ ಹಿಡಿದು ಎಲ್ಲದಕ್ಕೂ ಚ್‌ಮಾಡ್ 777 (ಎಲ್ಲರಿಗೂ ಎಲ್ಲಾ ಅನುಮತಿ ಕೊಡೋ ಕಮ್ಯಾಂಡ್) ಕೊಟ್ರೆ ಕ್ಲಿಯರ್ ಅಂತೆ 🙏

ಮೇಡಂ: ಯಾರೂ ಮಾಡ್ಬೇಡಿ!! ಯಜಮಾನನ ಅಧಿಕಾರ ಕೊಡೋ ಸುಡೋ ಕಮ್ಯಾಂಡ್‌ಗೆ ಸೆಟ್‌ಯುಐಡಿ ಅಂತ ಒಂದು ಗುರುತಿರತ್ತೆ, ಇದು ಅದನ್ನೂ ಅಳಿಸತ್ತೆ, ಆಮೇಲೆ ಸುಡೋನೇ ನಡೆಯಲ್ಲ, ಅಂದ್ರೆ ಕೆಟ್ಟಿದ್ದನ್ನ ರಿಪೇರಿ ಮಾಡೋ ಬಾಗಿಲೇ ಮುಚ್ಚಿಹೋಗತ್ತೆ. ಹೋದ ತಿಂಗಳೂ ಇದೇ ಮೆಸೇಜ್, ಅವತ್ತೂ ಇದೇ ಹೇಳಿದೀನಿ. ಫಾರ್ವರ್ಡ್ ಮಾಡೋ ಮುಂಚೆ ನಿಮ್ಮ ಮಷೀನಲ್ಲಿ ಮಾಡಿ ನೋಡಿ ಸ್ವಾಮಿ.

ಹಾಸನ್ ಹುಡ್ಗ: ಬಂದಿದ್ದು ಹಾಕ್ದೆ ಅಷ್ಟೇ ಮೇಡಂ, ಬೈಬೇಡಿ.

ಬೆಳಗಾವಿ ಅಣ್ಣ: ಬಗ್ ದೂರು ಹಾಕೂ ಬಗ್‌ಜಿಲ್ಲಾ ಸೈಟಿನಾಗ ಕನ್ನಡದಾಗ ಬರದ್ರ ಯಾರರ ಓದ್ತಾರೇನ್ರಿ?

ಡಿಟಿಪಿ ತುಮಕೂರು: ಓದಲ್ಲ ಬಿಡಿ, ಅದಕ್ಕೇ ಹೇಳೋದು ದುಡ್ಡು ಕೊಟ್ಟು ಒಳ್ಳೇ ಸಾಫ್ಟ್‌ವೇರ್ ತಗೊಳ್ಳಿ ಅಂತ.

ಬೆಳಗಾವಿ ಅಣ್ಣ: ನೀವು ರೊಕ್ಕಾ ಕೊಟ್ಟೀರೇನ್ರಿ ನಿಮ್ಮ ಅಂಗಡ್ಯಾಗಿನ ಸಾಫ್ಟ್‌ವೇರಿಗೆ? ಖರೇ ಹೇಳ್ರಿ.

ಡಿಟಿಪಿ ತುಮಕೂರು: ಅದು ಇಲ್ಲಿ ಬೇಡದ ಮಾತು.

ಬೆಳಗಾವಿ ಅಣ್ಣ: ಕ್ರ್ಯಾಕ್ ಹಾಕ್ಕೊಂಡು ಕುಂತು ಮಂದಿಗೆ ಉಪದೇಶ.

ಅಡ್ಮಿನ್: ಸಾಕು ಇಬ್ಬರೂ.

ಮೇಡಂ: ಇಂಗ್ಲಿಷಲ್ಲಿ ನಾಲ್ಕು ಸಾಲು ಬರೀರಿ, ವ್ಯಾಕರಣ ಯಾರೂ ನೋಡಲ್ಲ. ಏನು ಒತ್ತಿದ್ರಿ, ಏನಾಗ್ಬೇಕಿತ್ತು, ಏನಾಯ್ತು. ಕನ್ನಡ ಪದಗಳನ್ನ ಹಂಗೇ ಕನ್ನಡದಲ್ಲೇ ಹಾಕಿ. ಬಗ್‌ಗೊಂದು ರಿಪೋರ್ಟು, ಹತ್ತು ಗೋಳು ಒಂದ್ರಲ್ಲೇ ತುಂಬಬೇಡಿ. ಅಟ್ಯಾಚ್ ಮಾಡಿದ್ದು ಜಗತ್ತೆಲ್ಲಾ ನೋಡತ್ತೆ, ಮೊನ್ನೆ ಯಾರೋ ಮಕ್ಕಳ ಮಾರ್ಕ್ಸ್ ಪಟ್ಟಿನೇ ಏರಿಸಿದ್ರು. ನೀಡ್‌ಇನ್ಫೋ ಅಂತ ಹಾಕಿದ್ರೆ ಅವಮಾನ ಅಲ್ಲ, ಕೇಳಿದ್ದಕ್ಕೆ ಉತ್ತರ ಕೊಡಿ ಅಂತ ಅಷ್ಟೇ.

ಗಿರಿನಗರ: ಮೇಡಂ ನುಡಿ ಫೈಲ್ ಓಪನ್ ಮಾಡಿದ್ರೆ ಚಿಹ್ನೆ ಬರ್ತಿದೆ

ಮೇಡಂ: ಮೇಲೆ ಓದಿ.

ಮೈಸೂರು ರಾಯರು: ಪ್ರಿಂಟರ್ ಬಗ್ಗೆ ಎರಡು ಸಲ ಕೇಳಿದೆ, ಯಾರೂ ಹೇಳ್ಲಿಲ್ಲ.

ಮೇಷ್ಟ್ರು ಸಾಗರ: ಮೇಡಂ, ಪ್ರೆಸ್ ಹುಡುಗ ನೋಡ್ದ. ಫಾಂಟ್ ಹೆಸರು ನೆಟ್ಟಗೇ ಇದೆ. ವರ್ಷನ್ನೂ ಇಬ್ಬರದ್ದೂ ಒಂದೇ.

ಮೇಡಂ: ಹೌದಾ! ಹಾಗಾದ್ರೆ ಎರಡೂ ಕಡೆ ಆ ಪದವನ್ನ ಒಂದು ಟೆಕ್ಸ್ಟ್ ಫೈಲಿಗೆ ಹಾಕಿ ಹೆಕ್ಸ್ (ಫೈಲಿನ ಒಳಗಿನ ಬೈಟ್ ಸಂಖ್ಯೆಗಳು) ತೆಗೆದು ನೋಡಿ, ಇ2 80 8ಡಿ ಅನ್ನೋ ಮೂರು ಬೈಟ್, ಅಂದ್ರೆ ಆ ಜಾಯ್ನರ್, ಇದೆಯಾ ಅಂತ. ಪ್ರೆಸ್‌ನಲ್ಲೂ ಇದ್ರೆ ಫಾಂಟ್ ಹೆಸರು ಒಂದೇ ಆದ್ರೂ ಒಳಗಿನ ಫೈಲು ಬೇರೆ ಇರಬಹುದು. ಆ ಒಂದು ಪದ ಮಾತ್ರ ಇರೋ ಫೈಲು ನಂಗೆ ಕಳಿಸಿ.

ಮೇಷ್ಟ್ರು ಸಾಗರ: ಪೂರ್ತಿ ಸಂಚಿಕೆನೇ ಕಳಿಸ್ಲಾ ಮೇಡಂ? 84 ಪುಟ, ಫೋಟೋ ಎಲ್ಲಾ ಇದೆ.

ಮೇಡಂ: ಒಂದು ಪದ ಅಂದೆ ಮೇಷ್ಟ್ರೆ.