ಪದಚರ್ಚೆ: ಕೇಳದೆ ಹಾಕುವ ಪತ್ರಿಕೆ – ‘ಅನಪೇಕ್ಷಿತ’ ಸರಿಯೇ?

ಕಾಸರಗೋಡಿನಿಂದ:
ಮನೆಮನೆಗೆ ಕೇಳದೆ ಪತ್ರಿಕೆ ಹಾಕುವುದನ್ನು ತಡೆಯುವ ಕಾನೂನುಗಳ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ‘ಅನ್‌ಸಾಲಿಸಿಟೆಡ್’ಗೆ ‘ಅನಪೇಕ್ಷಿತ’ ಎಂದು ಹಾಕಿದ್ದೇನೆ. ನೆದರ್‌ಲೆಂಡ್ಸ್‌ನ ಅಂಚೆಪೆಟ್ಟಿಗೆಗಳ ಮೇಲೆ ಅಂಟಿಸುವ ‘ನೇ–ನೇ’ (ಜಾಹೀರಾತೂ ಬೇಡ, ಪುಕ್ಕಟೆ ಪತ್ರಿಕೆಯೂ ಬೇಡ), ‘ನೇ–ಯಾ’ (ಜಾಹೀರಾತು ಬೇಡ, ಪತ್ರಿಕೆ ಬರಲಿ) ಸ್ಟಿಕ್ಕರ್‌ಗಳಿಗೂ ಚುಟುಕಾದ ಕನ್ನಡ ಬೇಕು.

ಕುಂಬಳೆಯಿಂದ:
ಸರಿಯಲ್ಲ. ಅನಪೇಕ್ಷಿತವೆಂದರೆ ಇಷ್ಟವಿಲ್ಲದ್ದು. ಕಾನೂನು ನೋಡುವುದು ಇಷ್ಟವನ್ನಲ್ಲ, ಮನೆಯವರು ಕೇಳಿದ್ದರೋ ಇಲ್ಲವೋ ಎಂಬುದನ್ನು. 2018ರಿಂದ ಆಮ್‌ಸ್ಟರ್‌ಡಾಮ್‌ನಲ್ಲಿ ‘ಯಾ–ಯಾ’ (ಎರಡೂ ಬರಲಿ) ಸ್ಟಿಕ್ಕರ್ ಇದ್ದ ಮನೆಗೆ ಮಾತ್ರ ಜಾಹೀರಾತು ಹಾಕಬಹುದು; 2021ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಪುಕ್ಕಟೆ ಪತ್ರಿಕೆಗೆ ಹಳೆಯ ಕ್ರಮವೇ: ‘ನೇ–ನೇ’ ಇಲ್ಲದಿದ್ದರೆ ಹಾಕಬಹುದು. ಸಾಲದ್ದಕ್ಕೆ ಮಲಯಾಳದಲ್ಲಿ ‘ಅಪೇಕ್ಷ’ ಎಂದರೆ ಅರ್ಜಿ. ನಮ್ಮ ಜಿಲ್ಲೆಯ ಓದುಗರಿಗೆ ಇನ್ನಷ್ಟು ಗೊಂದಲ. ‘ಅಯಾಚಿತ’ ಎನ್ನಿ.

ಬದಿಯಡ್ಕದಿಂದ:
ಧರ್ಮಶಾಸ್ತ್ರದಲ್ಲಿ ಅಯಾಚಿತವಾಗಿ ಬಂದದ್ದು ಅಮೃತ! ಜಗಲಿಯಲ್ಲಿ ಮಳೆಗೆ ನೆನೆಯುವ ಕಾಗದದ ಕಟ್ಟಿಗೆ ಆ ಪದ ಒಪ್ಪದು. ‘ಬೇಡು’ ಧಾತು ಇರುವಾಗ ಸಂಸ್ಕೃತವೇಕೆ? ‘ಬೇಡದ ಪತ್ರಿಕೆ’.

ಕುಂಬಳೆಯಿಂದ:
‘ಬೇಡದ’ ಎಂದರೆ ಎಲ್ಲರೂ ‘ಬೇಡವಾದ’ ಎಂದೇ ಓದುತ್ತಾರೆ. ತಿರುಗಿ ಅನಪೇಕ್ಷಿತಕ್ಕೇ ಬಂದಿರಿ.

ಮಂಜೇಶ್ವರದಿಂದ:
ಧಾತು ಬಿಡಿ, ವಾಕ್ಯ ನೋಡಿ. ‘ಕೇಳದೆ ಹಾಕುವ’ ಎಂದಾಗ ಕೇಳದವನೂ ಹಾಕುವವನೂ ಒಬ್ಬನೇ ಆಗುತ್ತಾನೆ. ಲೇಖನದಲ್ಲಿ ಮೊದಲ ಸಲ ‘ಮನೆಯವರು ಕೇಳದಿದ್ದರೂ ಹಾಕುವ ಪತ್ರಿಕೆ’ ಎಂದು ಬಿಡಿಸಿ ಬರೆಯಿರಿ, ಆಮೇಲೆ ‘ಅಯಾಚಿತ ಪತ್ರಿಕೆ’ ಸಾಕು. ಸ್ಟಿಕ್ಕರ್‌ಗೆ ಅದು ಬೇಡ. ಬರೇ ‘ಪತ್ರಿಕೆ ಬೇಡ’ ಎಂದರೆ ದಿನಪತ್ರಿಕೆ ಹಾಕುವ ಹುಡುಗನೂ ನಿಲ್ಲಿಸಿಬಿಡುತ್ತಾನೆ. ‘ನೇ–ನೇ’ಗೆ: ‘ಜಾಹೀರಾತು ಬೇಡ, ಚಂದಾ ಇಲ್ಲದ ಪತ್ರಿಕೆಯೂ ಬೇಡ’. ‘ನೇ–ಯಾ’ಗೆ: ‘ಜಾಹೀರಾತು ಬೇಡ, ಪತ್ರಿಕೆ ಹಾಕಿ’. ಒಹಾಯೋದ ಸ್ಟ್ರದರ್ಸ್ ನಗರ ಮನೆಮನೆಗೆ ಹೋಗಿ ಬಾಗಿಲು ತಟ್ಟಿ ಕರೆದು ಕರಪತ್ರ ಕೊಡುವುದನ್ನೇ ನಿಷೇಧಿಸಿದ್ದಾಗ, 1943ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಬೇಕೋ ಬೇಡವೋ ಹೇಳಬೇಕಾದವರು ಮನೆಯವರು, ನಗರವಲ್ಲ ಎಂದಿತು. ಹಾಗಾಗಿ ಬಾಗಿಲಿನ ಬರಹ ಹಾಕುವವನಿಗೆ ಒಂದೇ ನೋಟಕ್ಕೆ ತಿಳಿಯಬೇಕು.

ಬದಿಯಡ್ಕದಿಂದ:
‘ಚಂದಾ’ ಪಾರಸಿ. ‘ವಂತಿಗೆ’ ಎನ್ನಿ.

ಮಂಜೇಶ್ವರದಿಂದ:
ವಂತಿಗೆ ಜಾತ್ರೆಗೆ ಎತ್ತುವುದು, ಪೇಪರಿಗಲ್ಲ.

ಕುಂಬಳೆಯಿಂದ:
ಬದಿಯಡ್ಕದವರೇ, ‘ಕಾನೂನು’, ‘ಜಾಹೀರಾತು’ ಕೂಡ ಹೊರಗಿನವೇ. ಅವನ್ನೂ ತೆಗೆದು ಆ ಸ್ಟಿಕ್ಕರ್ ಬರೆದು ತೋರಿಸಿ, ಆಮೇಲೆ ಮಾತಾಡೋಣ.